ಪಿರಮಿಡ್ಡಿನ ಗುಲಾಮರು, ಸಿಂಧೂ ಕಣಿವೆಯ ರಾಜಪುರೋಹಿತ: ನಂಬಿದ್ದೆಷ್ಟು, ಸಿಕ್ಕಿದ್ದೆಷ್ಟು?

ನೈಲ್, ಟೈಗ್ರಿಸ್-ಯೂಫ್ರೆಟಿಸ್ ಮತ್ತು ಸಿಂಧೂ ನದಿಗಳ ದಂಡೆಯಲ್ಲಿ ಬೆಳೆದ ನಾಗರಿಕತೆಗಳ ಬಗ್ಗೆ ನಮಗೆಲ್ಲ ಒಂದಿಷ್ಟು ಗೊತ್ತು. ಕೆಲವು ಸಂಗತಿ ಶಾಲೆಯ ಪಾಠದಿಂದ ಬಂದದ್ದು, ಕೆಲವು ಸಿನಿಮಾದಿಂದ, ಈಚೆಗೆ ಬಹುಪಾಲು ವಾಟ್ಸಾಪಿನಿಂದ. ಅಲ್ಲಿ ಹರಿದಾಡುವ ತಪ್ಪುಗಳ ಬೇರು ಹೆಚ್ಚುಕಡಿಮೆ ಒಂದೇ. ಮಣ್ಣಿನಡಿ ಏನೂ ಸಿಗದ ಕಡೆ ನಾವು ಸುಮ್ಮನಿರುವುದಿಲ್ಲ. ನಮಗೆ ಪರಿಚಿತರಾದ ರಾಜ, ಪುರೋಹಿತ, ಗುಲಾಮ, ದಂಡೆತ್ತಿ ಬಂದ ಶತ್ರು ಇವರನ್ನೆಲ್ಲ ತಂದು ಆ ಖಾಲಿ ಜಾಗದಲ್ಲಿ ಕೂರಿಸಿಬಿಡುತ್ತೇವೆ. ಅಂಥ ಆರು ನಂಬಿಕೆಗಳನ್ನು ಇಲ್ಲಿ ಸಾಕ್ಷ್ಯದ ಎದುರು ನಿಲ್ಲಿಸಲಾಗಿದೆ.

ತಪ್ಪು ಕಲ್ಪನೆ 1: ನೀರಾವರಿ ನಿಭಾಯಿಸಲೆಂದೇ ರಾಜಪ್ರಭುತ್ವ ಹುಟ್ಟಿತು

ಸತ್ಯ: ಈ ವಾದಕ್ಕೆ ದೊಡ್ಡ ಪ್ರಚಾರ ಕೊಟ್ಟವರು ಕಾರ್ಲ್ ವಿಟ್‌ಫೋಗೆಲ್, 1957ರ ತಮ್ಮ ‘ಓರಿಯೆಂಟಲ್ ಡೆಸ್ಪಾಟಿಸಂ’ ಪುಸ್ತಕದಲ್ಲಿ. ದೊಡ್ಡ ಕಾಲುವೆಗೆ ದೊಡ್ಡ ಆಳುಪಡೆ ಬೇಕು, ಆಳುಪಡೆಗೆ ಅಧಿಕಾರಿಗಳು ಬೇಕು, ಅವರೆಲ್ಲರ ಮೇಲೊಬ್ಬ ನಿರಂಕುಶ ದೊರೆ ಬೇಕು ಎಂಬುದು ಅವರ ತರ್ಕ. ಕೇಳಲು ಸರಿಯೆನಿಸುತ್ತದೆ. ಆದರೆ ಪುರಾತತ್ವಜ್ಞ ರಾಬರ್ಟ್ ಆಡಮ್ಸ್ ದಕ್ಷಿಣ ಇರಾಕಿನ, ಅಂದರೆ ಹಿಂದಿನ ಮೆಸೊಪೊಟೇಮಿಯಾದ, ಬಯಲುಗಳನ್ನು ಸರ್ವೇಕ್ಷಣೆ ಮಾಡಿದಾಗ ಬೇರೆಯೇ ಕ್ರಮ ಕಂಡಿತು. ಮೊದಲ ಕಾಲುವೆಗಳು ಸಣ್ಣವು, ಅಕ್ಕಪಕ್ಕದ ಊರಿನವರು ತಾವೇ ತೋಡಿಕೊಳ್ಳಬಹುದಾದಂಥವು. ದೊಡ್ಡ ಕಾಲುವೆ ಜಾಲಗಳು ಬಂದದ್ದು ನಗರಗಳೂ ದೊರೆಗಳೂ ಬಂದ ಮೇಲೆ. ಈಜಿಪ್ಟಿನಲ್ಲಂತೂ ವರ್ಷಕ್ಕೊಮ್ಮೆ ಉಕ್ಕುವ ನೈಲ್ ನೀರನ್ನು ಏರಿ ಕಟ್ಟಿ ತಡೆದು, ನೆಲ ನೆನೆದ ಮೇಲೆ ಹೊರಬಿಡುವ ಪದ್ಧತಿಯಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಆಯಾ ಸೀಮೆಯ ಜನ. ಅರಮನೆಗೆ ಬೇಕಿದ್ದದ್ದು ಬೆಳೆಯ ಪಾಲು.

ತಪ್ಪು ಕಲ್ಪನೆ 2: ಚಾಟಿಯೇಟು ತಿಂದ ಗುಲಾಮರು ಪಿರಮಿಡ್ ಕಟ್ಟಿದರು

ಸತ್ಯ: ಗೀಜಾದ ಮಹಾ ಪಿರಮಿಡ್ ಖುಫು ದೊರೆಯದು, ಕಾಲ ಕ್ರಿ.ಪೂ. 2560ರ ಸುಮಾರು. ಮೂಲ ಎತ್ತರ ಸುಮಾರು 146 ಮೀಟರ್, ಕಲ್ಲುಗಳ ಅಂದಾಜು ಲೆಕ್ಕ 23 ಲಕ್ಷ. ಗ್ರೀಕ್ ಬರಹಗಾರ ಹೆರೊಡೋಟಸ್ ಒಂದು ಲಕ್ಷ ಜನ ದುಡಿದರೆಂದು ಬರೆದದ್ದು ಅದಾಗಿ ಎರಡು ಸಾವಿರ ವರ್ಷದ ಮೇಲೆ, ಅಲ್ಲಿನವರ ಬಾಯಿಮಾತು ಕೇಳಿ. ಯಹೂದಿ ಗುಲಾಮರು ಕಟ್ಟಿದರೆಂಬ ಕಥೆ ಇನ್ನೂ ದೂರದ್ದು. ಬೈಬಲ್ಲಿನ ಮೋಶೆಯ ಕಾಲವೆಂದು ಸಾಮಾನ್ಯವಾಗಿ ಹೇಳುವ ಹೊತ್ತಿಗೆ ಆ ಪಿರಮಿಡ್ಡಿಗೆ ಸಾವಿರ ವರ್ಷ ಮೀರಿತ್ತು.

1990ರಲ್ಲಿ ಗೀಜಾದ ಬಳಿ ಕುದುರೆಯೊಂದು ಮರಳಿನಲ್ಲಿ ಹುದುಗಿದ್ದ ಮಣ್ಣಿಟ್ಟಿಗೆಯ ಗೋಡೆಗೆ ಎಡವಿತು. ಅಗೆದಾಗ ಸಿಕ್ಕಿದ್ದು ಕೆಲಸಗಾರರ ಗೋರಿಗಳು. ಪಿರಮಿಡ್ಡಿನ ನೆರಳಲ್ಲೇ, ಪರಲೋಕಕ್ಕೆಂದು ರೊಟ್ಟಿ-ಬಿಯರಿನ ಮಡಕೆಗಳನ್ನಿಟ್ಟು ಅವರನ್ನು ಹೂಳಲಾಗಿತ್ತು. ಗುಲಾಮರಿಗೆ ಆ ಮರ್ಯಾದೆ ಸಿಗುತ್ತಿರಲಿಲ್ಲ. ಕೆಲವರ ಮುರಿದ ಮೂಳೆಗಳು ನೆಟ್ಟಗೆ ಕೂಡಿಕೊಂಡಿದ್ದವು, ಅಂದರೆ ಚಿಕಿತ್ಸೆ ದೊರೆತಿತ್ತು. ಹತ್ತಿರದಲ್ಲೇ ಮಾರ್ಕ್ ಲೇನರ್ ತಂಡ ಅಗೆದ ಕೆಲಸಗಾರರ ಊರಿನಲ್ಲಿ ರೊಟ್ಟಿ ಸುಡುವ ಮನೆಗಳು ಸಿಕ್ಕವು. ದನ, ಕುರಿ, ಆಡುಗಳ ಮೂಳೆಗಳ ರಾಶಿಯೂ ಸಿಕ್ಕಿತು. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಪಿಯರ್ ತಾಲೆ ಅವರ ತಂಡಕ್ಕೆ ಪಪೈರಸ್ ಕಡತಗಳು ದೊರೆತವು. ಮೆರೆರ್ ಎಂಬ ಮೇಲ್ವಿಚಾರಕ ತನ್ನ ತಂಡ ತುರಾದ ಗಣಿಯಿಂದ ಸುಣ್ಣಕಲ್ಲನ್ನು ದೋಣಿಯಲ್ಲಿ ಗೀಜಾಕ್ಕೆ ಸಾಗಿಸಿದ ದಿನಚರಿಯನ್ನು ಅದರಲ್ಲಿ ಬರೆದಿಟ್ಟಿದ್ದಾನೆ.

ಹಾಗೆಂದು ಎಲ್ಲರೂ ಭಕ್ತಿಯಿಂದ ತಾವಾಗಿ ಬಂದರೆನ್ನುವುದೂ ಅತಿಯೇ. ನುರಿತ ಕುಶಲಕರ್ಮಿಗಳ ಜೊತೆಗೆ ಸರದಿಯ ಮೇಲೆ ಬಿಟ್ಟಿ ಚಾಕರಿಗೆ ಕರೆತಂದ ರೈತರಿದ್ದರು. ಅವರಿಗೆ ಕೂಲಿಯೆಂದರೆ ಪಡಿ. ಆ ಪಡಿ ತಪ್ಪಿದರೆ ಜನ ಸುಮ್ಮನಿರುತ್ತಿರಲಿಲ್ಲ. ಎಷ್ಟೋ ಶತಮಾನದ ಮೇಲೆ, ಮೂರನೆಯ ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷದಲ್ಲಿ, ರಾಜರ ಗೋರಿ ಕೊರೆಯುತ್ತಿದ್ದ ದೇರ್ ಎಲ್-ಮದೀನಾದ ಕೆಲಸಗಾರರು ಧಾನ್ಯ ಬಂದಿಲ್ಲವೆಂದು ಕೆಲಸ ಬಿಟ್ಟು ಹೋಗಿ ದೇವಾಲಯದ ಬಳಿ ಕೂತರು. ಆ ಮುಷ್ಕರದ ದಾಖಲೆ ಇಂದಿಗೂ ಇಟಲಿಯ ಟ್ಯೂರಿನ್ ಸಂಗ್ರಹಾಲಯದಲ್ಲಿದೆ.

ತಪ್ಪು ಕಲ್ಪನೆ 3: ಹಮ್ಮುರಾಬಿಯದೇ ಜಗತ್ತಿನ ಮೊದಲ ಕಾನೂನು, ಅಲ್ಲಿ ಎಲ್ಲರಿಗೂ ಕಣ್ಣಿಗೆ ಕಣ್ಣು

ಸತ್ಯ: ಎರಡೂ ಸರಿಯಲ್ಲ. ಬಾಬಿಲೋನಿನ ಹಮ್ಮುರಾಬಿ ಆಳಿದ್ದು ಕ್ರಿ.ಪೂ. 1792ರಿಂದ 1750ರವರೆಗೆ. ಅದಕ್ಕೂ ಸುಮಾರು ಮುನ್ನೂರು ವರ್ಷ ಹಿಂದೆಯೇ ಉರ್ ನಗರದ ಉರ್-ನಮ್ಮು ವಂಶದ ಕಟ್ಟಳೆಗಳಿದ್ದವು. ಅಲ್ಲಿ ಒಬ್ಬನ ಅಂಗ ಊನ ಮಾಡಿದವನಿಗೆ ಬೆಳ್ಳಿಯ ದಂಡ ಹಾಕುತ್ತಿದ್ದರೇ ಹೊರತು ಪ್ರತಿಯಾಗಿ ಅಂಗ ಕೀಳುತ್ತಿರಲಿಲ್ಲ.

ಇನ್ನು ಪ್ಯಾರಿಸ್ಸಿನ ಲೂವ್ರ್‌ನಲ್ಲಿರುವ ಹಮ್ಮುರಾಬಿಯ ಕರಿಕಲ್ಲಿನ ಶಾಸನ ನೋಡಿ. ಒಬ್ಬ ಕುಲೀನ ಇನ್ನೊಬ್ಬ ಕುಲೀನನ ಕಣ್ಣು ತೆಗೆದರೆ ಅವನ ಕಣ್ಣು ಹೋಗುತ್ತದೆ. ಕೆಳಸ್ತರದವನ ಕಣ್ಣು ತೆಗೆದರೆ ಒಂದು ಮಿನಾ ಬೆಳ್ಳಿ, ಅಂದರೆ ಸುಮಾರು ಅರ್ಧ ಕಿಲೋ, ಕೊಟ್ಟರೆ ಸಾಕು. ಇನ್ನೊಬ್ಬನ ಗುಲಾಮನ ಕಣ್ಣಾದರೆ ಆ ಗುಲಾಮನ ಬೆಲೆಯ ಅರ್ಧ. ನ್ಯಾಯ ಅಲ್ಲಿ ಅಂತಸ್ತು ನೋಡಿಯೇ ಅಳೆಯುತ್ತಿತ್ತು. ಮತ್ತೊಂದು ಸಂಗತಿ: ಆ ಕಾಲದ ವ್ಯಾಜ್ಯಗಳ ಮಣ್ಣಿನ ಫಲಕಗಳು ಸಾಕಷ್ಟು ಸಿಕ್ಕಿವೆ, ಆದರೆ ತೀರ್ಪು ಕೊಡುವವರು ಈ ಶಾಸನದ ಕಲಮು ಹೇಳಿ ತೀರ್ಪಿತ್ತದ್ದು ಕಾಣುವುದಿಲ್ಲ. ಕೋರ್ಟಿನಲ್ಲಿ ತೆರೆದು ಓದುವ ಕಾನೂನು ಪುಸ್ತಕವೆನ್ನುವುದಕ್ಕಿಂತ ‘ನಾನು ನ್ಯಾಯವಂತ ದೊರೆ’ ಎಂದು ಸಾರುವ ಕಲ್ಲು ಅದು ಎನ್ನುವ ವಿದ್ವಾಂಸರು ಹಲವರಿದ್ದಾರೆ.

ತಪ್ಪು ಕಲ್ಪನೆ 4: ಎಲ್ಲ ಕಡೆ ರಾಜನೇ ದೇವರು, ನೆಲವೆಲ್ಲ ದೇವಸ್ಥಾನದ್ದು

ಸತ್ಯ: ಈಜಿಪ್ಟಿನಲ್ಲಿ ದೊರೆಯೆಂದರೆ ಹೋರಸ್ ದೇವನ ರೂಪ. ಆ ಚಿತ್ರವನ್ನು ಹಾಗೆಯೇ ಒಯ್ದು ಮೆಸೊಪೊಟೇಮಿಯಾಕ್ಕೆ ಅಂಟಿಸಲಾಗದು. ಅಲ್ಲಿನ ಸುಮೇರ್ ಸೀಮೆಯ ದೊರೆ ದೇವರ ಕಾರಭಾರಿ, ಅಷ್ಟೆ. ಅಕ್ಕಾಡಿನ ನರಾಮ್-ಸಿನ್ ಕ್ರಿ.ಪೂ. 23ನೇ ಶತಮಾನದಲ್ಲಿ ತನ್ನ ಹೆಸರಿನ ಹಿಂದೆ ದೇವರ ಚಿಹ್ನೆ ಬರೆಸಿಕೊಂಡ. ಅವನ ನಂತರವೂ ಕೆಲವರು ಹಾಗೆ ಮಾಡಿದರು, ಆದರೆ ಆ ರೂಢಿ ಬಹುಕಾಲ ನಿಲ್ಲಲಿಲ್ಲ. ಹಮ್ಮುರಾಬಿಯ ಶಾಸನದ ನೆತ್ತಿಯ ಮೇಲಿನ ಶಿಲ್ಪದಲ್ಲಿ ಸೂರ್ಯದೇವ ಶಮಾಶ್ ಕೂತಿದ್ದಾನೆ, ದೊರೆ ಅವನೆದುರು ಕೈಯೆತ್ತಿ ನಿಂತಿದ್ದಾನೆ.

ದೇವಸ್ಥಾನವೇ ನೆಲದೊಡೆಯ ಎಂಬ ಮಾತು ಹುಟ್ಟಿದ್ದು ಮುಖ್ಯವಾಗಿ ಲಗಾಶ್ ರಾಜ್ಯದ ಬಾವು ದೇವತೆಯ ಆಸ್ತಿಯ ಲೆಕ್ಕಪತ್ರಗಳಿಂದ. ಒಂದು ದೇವಸ್ಥಾನದ ಕಡತ ಓದಿದರೆ ಊರೆಲ್ಲ ದೇವಸ್ಥಾನದ್ದೇ ಎಂದು ತೋರುವುದು ಸಹಜ. ಮನೆತನಗಳು ಹೊಲ ಮಾರಿದ, ಕೊಂಡ ಪತ್ರಗಳನ್ನು ದ್ಯಾಕೊನೊವ್, ಗೆಲ್ಬ್ ಮುಂತಾದ ವಿದ್ವಾಂಸರು ಎತ್ತಿ ತೋರಿಸಿದ ಮೇಲೆ ಆ ವಾದ ನಿಲ್ಲಲಿಲ್ಲ.

ತಪ್ಪು ಕಲ್ಪನೆ 5: ಸಿಂಧೂ ನಗರಗಳನ್ನು ಪುರೋಹಿತ ರಾಜರು ಆಳಿದರು, ಆರ್ಯರು ಬಂದು ಕೊಂದು ನಾಶಮಾಡಿದರು

ಸತ್ಯ: ಪಠ್ಯಪುಸ್ತಕದಲ್ಲಿ ನಾವು ಕಂಡ ಗಡ್ಡದ ‘ಪುರೋಹಿತ ರಾಜ’ 17.5 ಸೆಂಟಿಮೀಟರ್ ಎತ್ತರದ ಬಳಪದ ಕಲ್ಲಿನ ವಿಗ್ರಹ. ಪುರೋಹಿತನೆಂದಾಗಲಿ ರಾಜನೆಂದಾಗಲಿ ಅದರ ಮೇಲೆ ಬರೆದಿಲ್ಲ. ಮೊಹೆಂಜೊದಾರೊದಲ್ಲಿ ಇದೇ ಅರಮನೆ, ಇದೇ ರಾಜನ ಗೋರಿ ಎಂದು ಬೆರಳಿಟ್ಟು ತೋರಿಸುವಂಥದ್ದು ಸಿಕ್ಕಿಲ್ಲ. ‘ಮಹಾ ಕಣಜ’ವೆಂದು ಹೆಸರಾದ ಕಟ್ಟಡದಲ್ಲಿ ಒಂದು ಹಿಡಿ ಧಾನ್ಯದ ಗುರುತೂ ಇರಲಿಲ್ಲ. ಮೃಗಗಳ ನಡುವೆ ಕೂತ ಕೊಂಬಿನ ಆಕೃತಿಯ ಮುದ್ರೆಯನ್ನು ಶಿವನ ಮೂಲರೂಪವೆಂದು ಗುರುತಿಸಿದವರು ಪುರಾತತ್ವಜ್ಞ ಜಾನ್ ಮಾರ್ಷಲ್. ಅದು ಶಿವನಿರಬಹುದು, ಕೋಣದೇವರಿರಬಹುದು. ಮುದ್ರೆಯ ಮೇಲಿನ ಅಕ್ಷರ ಓದಲಾಗದೆ ತೀರ್ಮಾನವಿಲ್ಲ.

ಹಾಗಾದರೆ ಅದು ಆಳುವವರೇ ಇಲ್ಲದ ಸಮಾನತೆಯ ಸಮಾಜವೇ? ಅದಕ್ಕೂ ಆಧಾರ ಸಾಲದು. ಮನೆಗಳಲ್ಲಿ ದೊಡ್ಡವಿದ್ದವು, ಚಿಕ್ಕವಿದ್ದವು. ದೂರದೂರದ ಊರುಗಳಲ್ಲೂ ತೂಕದ ಕಲ್ಲುಗಳ ಅಳತೆ ಒಂದೇ, ಇಟ್ಟಿಗೆಯ 1:2:4 ಪ್ರಮಾಣವೂ ಒಂದೇ. ಯಾರೋ ಕಟ್ಟುನಿಟ್ಟಾಗಿ ನೋಡಿಕೊಳ್ಳುತ್ತಿದ್ದರು. ಅವರು ಒಬ್ಬ ದೊರೆಯಾಗಿರದೆ ವರ್ತಕರ ಕೂಟವೋ ಊರಿನ ಹಿರಿಯರ ಸಭೆಯೋ ಆಗಿರಲೂ ಸಾಧ್ಯ.

ಹತ್ಯಾಕಾಂಡದ ಕಥೆ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅವರದು. ಮೊಹೆಂಜೊದಾರೊದ ಬೀದಿ, ಮನೆಗಳಲ್ಲಿ ಸಿಕ್ಕಿದ ಸುಮಾರು 37 ಅಸ್ಥಿಪಂಜರಗಳನ್ನು 1940ರ ದಶಕದಲ್ಲಿ ಅವರು ಋಗ್ವೇದದ ಕೋಟೆಯೊಡೆಯುವ ಇಂದ್ರನಿಗೆ ಗಂಟುಹಾಕಿದರು. 1964ರಲ್ಲಿ ಜಾರ್ಜ್ ಡೇಲ್ಸ್ ಆ ಕಥೆಯ ಬುಡವನ್ನೇ ಪ್ರಶ್ನಿಸಿದರು: ಎಲ್ಲ ಮೂಳೆಗಳು ಒಂದೇ ಕಾಲದ ಪದರದವಲ್ಲ, ಸುತ್ತ ಆಯುಧಗಳಿಲ್ಲ, ಸುಟ್ಟ ಕೋಟೆಯಿಲ್ಲ. ಕೆನೆತ್ ಕೆನೆಡಿ ಮೂಳೆಗಳನ್ನು ಪರೀಕ್ಷಿಸಿದಾಗ ಸಾವಿನ ಹೊತ್ತಿನ ಗಾಯ ಕಂಡದ್ದು ಒಂದೆರಡರಲ್ಲಿ ಮಾತ್ರ. ಕ್ರಿ.ಪೂ. 1900ರ ಸುಮಾರಿಗೆ ನಗರಗಳು ಬರಿದಾದದ್ದು ನಿಧಾನವಾಗಿ. ಮುಂಗಾರು ದುರ್ಬಲವಾಯಿತು, ಘಗ್ಗರ್-ಹಾಕ್ರಾ ನದಿ ಬತ್ತುತ್ತ ಹೋಯಿತು, ಪಶ್ಚಿಮದ ವ್ಯಾಪಾರ ಕುಗ್ಗಿತು. ಜನ ಪೂರ್ವಕ್ಕೂ ಗುಜರಾತಿಗೂ ಸರಿದು ಸಣ್ಣ ಹಳ್ಳಿಗಳಲ್ಲಿ ನೆಲೆನಿಂತರು. ಮಧ್ಯ ಏಷ್ಯಾದ ಹುಲ್ಲುಗಾವಲಿನ ಕಡೆಯಿಂದ ಮುಂದೆ ಜನ ವಲಸೆ ಬಂದದ್ದು ವಂಶವಾಹಿ ಅಧ್ಯಯನಗಳಿಂದ ತಿಳಿದಿದೆ. ಅದು ಬೇರೆ ಪ್ರಶ್ನೆ. ವಲಸೆ ಬಂದರೆಂದರೆ ಮೊಹೆಂಜೊದಾರೊವನ್ನು ಕೊಳ್ಳೆಹೊಡೆದರೆಂದು ಅರ್ಥವಲ್ಲ.

ತಪ್ಪು ಕಲ್ಪನೆ 6: ಹರಪ್ಪದ ಚಿನ್ನ ಕೋಲಾರದ್ದೇ, ಸಿಂಧೂ ಲಿಪಿಯನ್ನು ಓದಿಯಾಗಿದೆ

ಸತ್ಯ: ಕನ್ನಡಿಗರಿಗೆ ಪ್ರಿಯವಾದ ಮೊದಲ ಮಾತು ಪೂರ್ತಿ ಕಟ್ಟುಕಥೆಯಲ್ಲ. ಅಲ್ಲಿ ಸಿಕ್ಕ ಚಿನ್ನದಲ್ಲಿ ಬೆಳ್ಳಿಯ ಅಂಶ ಇರುವುದನ್ನು ಕಂಡು ಮಾರ್ಷಲ್ ಕಾಲದ ವಿದ್ವಾಂಸರು ಕೋಲಾರದತ್ತ ಕೈ ತೋರಿಸಿದ್ದು ನಿಜ. ಆದರೆ ಅಂಥ ಚಿನ್ನ ಬೇರೆ ಕಡೆಯೂ ಸಿಗುತ್ತದೆ. ಸಿಂಧೂವಿನ ಮೇಲ್ಕಣಿವೆಯ ಮರಳಲ್ಲೂ ಅಫ್ಘಾನಿಸ್ತಾನದಲ್ಲೂ ಚಿನ್ನವಿದೆ. ಹಾಗಾಗಿ ಇದು ಒಂದು ಊಹೆ, ರುಜುವಾತಾದ ಸಂಗತಿಯಲ್ಲ.

ಲಿಪಿಯದೂ ಅದೇ ಪಾಡು. 1977ರಲ್ಲಿ ಐರಾವತಂ ಮಹಾದೇವನ್ ಪಟ್ಟಿಮಾಡಿದ ಚಿಹ್ನೆಗಳು 417. ಬರಹಗಳು ಮಾತ್ರ ತೀರಾ ಗಿಡ್ಡ, ಸರಾಸರಿ ಐದು ಚಿಹ್ನೆಯವು. ಸಂಸ್ಕೃತವೆಂದು, ದ್ರಾವಿಡವೆಂದು ಓದಿದವರು ಬಹಳ, ಎಲ್ಲರೂ ಒಪ್ಪಿದ ಓದು ಒಂದೂ ಇಲ್ಲ. 2025ರ ಜನವರಿಯಲ್ಲಿ ತಮಿಳುನಾಡು ಸರ್ಕಾರ ಇದನ್ನು ಬಿಡಿಸಿದವರಿಗೆ ಹತ್ತು ಲಕ್ಷ ಡಾಲರ್ ಘೋಷಿಸಬೇಕಾಯಿತು ಎಂಬುದೇ ಸಾಕಷ್ಟು ಹೇಳುತ್ತದೆ.

ಬಾಗಿಲು ಪೂರ್ತಿ ಮುಚ್ಚಿಲ್ಲ. ಮೆಸೊಪೊಟೇಮಿಯಾದ ಒಂದು ಮುದ್ರೆಯಲ್ಲಿ ಶು-ಇಲಿಶು ಎಂಬವನನ್ನು ‘ಮೆಲುಹ್ಹ’ ಭಾಷೆಯ ದುಭಾಷಿಯೆಂದು ಕರೆದಿದೆ. ಮೆಲುಹ್ಹವೆಂದರೆ ಸಿಂಧೂ ಪ್ರದೇಶವೆಂದು ಬಹುತೇಕರ ಅಭಿಪ್ರಾಯ. ಅಂಥವರ ಕಾಲದ, ಸಿಂಧೂ ಮತ್ತು ಮೆಸೊಪೊಟೇಮಿಯಾ ಎರಡರ ಲಿಪಿಯಲ್ಲೂ ಬರೆದ ಒಂದು ಫಲಕ ದೊರೆತರೆ ಸಾಕು, ಇಲ್ಲಿ ಬರೆದದ್ದರಲ್ಲಿ ಎಷ್ಟೋ ಮಾತು ತಿದ್ದಬೇಕಾದೀತು. ಅಲ್ಲಿಯವರೆಗೆ ಸಿಂಧೂ ಜನರ ದೇವರು, ದೊರೆ, ಭಾಷೆಯ ಬಗ್ಗೆ ಯಾರಾದರೂ ಖಡಾಖಂಡಿತ ಮಾತಾಡಿದರೆ, ಏನು ಸಿಕ್ಕಿತು, ಎಲ್ಲಿ ಸಿಕ್ಕಿತು, ಅದಕ್ಕೆ ಆ ಹೆಸರಿಟ್ಟವರು ಯಾರು ಎಂದು ಕೇಳಿಬಿಡಿ.