ಕಂಬಿ ಬಂದರೆ ಜಲ್ಲಿ ಇಲ್ಲ, ಜಲ್ಲಿ ಬಂದರೆ ಆಳಿಲ್ಲ!

ಸಾವಿರ ಚದರಡಿ ಮನೆಗೆ ಐದಿಂಚು ದಪ್ಪದ ಮೋಲ್ಡ್ ಹಾಕಬೇಕೆಂದರೆ ಸುಮಾರು 12 ಘನ ಮೀಟರ್ ಕಾಂಕ್ರೀಟ್ ಬೇಕು. ಸೈಟಿನಲ್ಲೇ ಕಲಸುವುದಾದರೆ ಹತ್ತಿರ ಹತ್ತಿರ ನೂರು ಚೀಲ ಸಿಮೆಂಟು. ಜತೆಗೆ ಮರಳು, ಜಲ್ಲಿ, ನೀರಿನ ಟ್ಯಾಂಕರ್, ಮಿಲ್ಲರ್, ವೈಬ್ರೇಟರ್, ಬಾಣಲಿ ಹೊರುವ ಕೈಗಳು. ಇಷ್ಟೂ ಒಂದೇ ಬೆಳಿಗ್ಗೆ ಒಂದೇ ಕಡೆ ಸೇರಬೇಕು. ಒಂದು ಕೈಕೊಟ್ಟರೂ ಉಳಿದದ್ದೆಲ್ಲಾ ದಂಡ; ಆಳುಗಳ ಕೂಲಿ ಮಾತ್ರ ತಪ್ಪೋದಿಲ್ಲ.

ಶುರುವಾಗದಿದ್ದರೆ ಒಂದು ದಿನ ಹೋಯಿತು ಅಷ್ಟೆ. ಅರ್ಧಕ್ಕೆ ನಿಂತರೆ ಕಥೆಯೇ ಬೇರೆ. ನೀರು ಬಿದ್ದ ಸಿಮೆಂಟು ಯಾರಪ್ಪನ ಮಾತೂ ಕೇಳೋದಿಲ್ಲ. ಜಲ್ಲಿ ಲಾರಿ ಬರುವ ಹೊತ್ತಿಗೆ ಮೊದಲು ಹಾಕಿದ್ದು ಬಿಗಿದುಕೊಂಡಿರುತ್ತದೆ; ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಕೂರುವುದಿಲ್ಲ. ಮಳೆಗಾಲ ಬಂದಾಗ ಅದೇ ಗೆರೆಯಲ್ಲಿ ತೊಟ್ಟಿಕ್ಕುತ್ತದೆ. ಮನೆಯವರು ಮೇಸ್ತ್ರಿಯನ್ನು ಬೈತಾರೆ!

ಮೊದಲೇ ತಂದು ಪೇರಿಸಿಟ್ಟರಾಯ್ತಲ್ಲ ಎನ್ನಬಹುದು. ಸಿಮೆಂಟಿಗೆ ಪರ್ಮಿಟ್ ಬೇಕಿದ್ದ ಕಾಲದಲ್ಲಿ ಜನ ಹಾಗೇ ಮಾಡುತ್ತಿದ್ದರು. 1982ರಲ್ಲಿ ನಿಯಂತ್ರಣ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಆದರೆ ಚೀಲ ಮೂರು ತಿಂಗಳು ಕೂತರೆ ಸಿಮೆಂಟಿನ ಕಸುವು ಇಳಿಯುತ್ತದೆ, ದುಡ್ಡೂ ಅಲ್ಲೇ ಕೂರುತ್ತದೆ.

ದೊಡ್ಡ ಕಂಪನಿಗಳು ಇದಕ್ಕೆ ದಾರಿ ಕಂಡುಕೊಂಡಿವೆ. ಖಾಯಂ ಸರಬರಾಜುದಾರರನ್ನು ಇಟ್ಟುಕೊಂಡು, ಮುಂದಿನ ವಾರ ಯಾವ ದಿನ ಎಷ್ಟು ಬೇಕೆಂದು ಮೊದಲೇ ಪಟ್ಟಿ ಕೊಡುತ್ತವೆ. ಕಂಬಿ ಅಳತೆಗೆ ಕತ್ತರಿಸಿ, ಬಗ್ಗಿಸಿಕೊಂಡೇ ಬರುತ್ತದೆ. ರೆಡಿಮಿಕ್ಸ್ ಲಾರಿಗೆ ಮಾಲು ತುಂಬಿದ 2 ಗಂಟೆಯೊಳಗೆ ಖಾಲಿಯಾಗಬೇಕೆಂಬ ನಿಯಮವಿದೆ. ಹಾಗಾಗಿ ಸೆಂಟ್ರಿಂಗ್ ರೆಡಿಯಾಗಿದೆಯಾ ಅಂತ ಕೇಳಿಕೊಂಡೇ ಪ್ಲಾಂಟಿನವರು ಲಾರಿ ಬಿಡುತ್ತಾರೆ. ಹೇಳಿದ ದಿನಕ್ಕೆ ಕೆಲಸ ಮುಗಿಸುವ ಗುಟ್ಟು ಹೆಚ್ಚಿನಂಶ ಇಷ್ಟೇ.

ಸಣ್ಣ ಕಂಟ್ರಾಕ್ಟರ್ ಬಳಿಯೂ ಫೋನಿದೆ. ಆದರೆ ಅಂಗಡಿಯಲ್ಲಿ ಹಳೇ ಬಾಕಿಯೂ ಇದೆ. ಇರುವುದು ಒಂದೇ ಲೋಡು, ಕೇಳುವವರು ಇಬ್ಬರು ಎಂದಾಗ ಅಂಗಡಿಯವರು ನಗದು ಕೊಟ್ಟವರ ಕಡೆಗೇ ಕಳಿಸುತ್ತಾರೆ. ಅವರದ್ದೂ ತಪ್ಪಲ್ಲ, ಡೀಲರಿಗೆ ಅವರು ಕಟ್ಟಬೇಡವೇ? ಮನೆಯವರ ಬ್ಯಾಂಕ್ ಸಾಲದ ಕಂತು ಬಿಡುಗಡೆಯಾಗದೆ ಕಂಟ್ರಾಕ್ಟರ್ ಕೈಗೆ ಕಾಸಿಲ್ಲ. ಸರಕಾರಿ ಕಾಮಗಾರಿಯಾದರಂತೂ ಕೇಳಲೇಬೇಡಿ. ಬಿಲ್ಲು ಬಾಕಿಯೆಂದು ರಾಜ್ಯದ ಗುತ್ತಿಗೆದಾರರ ಸಂಘವೇ 2023ರಲ್ಲಿ ಬಹಿರಂಗವಾಗಿ ದೂರಿತ್ತು. ಅಲ್ಲಿ ನಿಂತ ದುಡ್ಡು ಇಲ್ಲಿ ಲಾರಿಯನ್ನು ನಿಲ್ಲಿಸುತ್ತದೆ.

ಬಾಕಿ ವಸೂಲಿಗೆ ಕಾನೂನೇನೋ ಇದೆ. 2006ರ ಸಣ್ಣ ಉದ್ಯಮಗಳ ಕಾಯಿದೆಯಂತೆ, ನೋಂದಾಯಿಸಿಕೊಂಡವರಿಗೆ ಕರಾರಿದ್ದರೆ ಹೆಚ್ಚೆಂದರೆ 45 ದಿನದಲ್ಲಿ, ಲಿಖಿತ ಕರಾರಿಲ್ಲದಿದ್ದರೆ 15 ದಿನದಲ್ಲಿ ಹಣ ಸಂದಾಯವಾಗಬೇಕು. ಕಂಟ್ರಾಕ್ಟರಿಗೆ ಹಾಲೋಬ್ಲಾಕ್ ಮಾಡಿ ಮಾರುವವರು ಈ ಹಕ್ಕು ಕೇಳಬಹುದು. ತಂದು ಮಾರುವ ಸಿಮೆಂಟು ಅಂಗಡಿಯವರಿಗೆ ಇದಿಲ್ಲ! 2021ರ ಜುಲೈಯಲ್ಲಿ ವ್ಯಾಪಾರಿಗಳನ್ನೂ ಪಟ್ಟಿಗೆ ಸೇರಿಸಿದರು ನಿಜ, ಆದರೆ ಬ್ಯಾಂಕ್ ಸಾಲದ ಆದ್ಯತೆಗೆ ಮಾತ್ರ. ಬಾಕಿಗೆ ಅವರ ಕೈಲಿರುವುದು ಉದ್ರಿ ಪುಸ್ತಕವೊಂದೇ.