ಇಂಟರ್ನೆಟ್ಟಿಲ್ಲದ ವೈಫೈ, ವೇದಿಕೆಯಿಲ್ಲದ ಸಮ್ಮೇಳನ

ಮೊಬೈಲಿನಲ್ಲಿ ವೈಫೈ ಗುರುತು ಪೂರ್ತಿ ತುಂಬಿರುತ್ತದೆ, ವಾಟ್ಸ್‌ಆ್ಯಪ್ ಮಾತ್ರ ಅಲುಗಾಡುವುದಿಲ್ಲ. ಕೆಟ್ಟಿಲ್ಲ, ಇದು ಊರೊಳಗೇ ಸುತ್ತುವ ವೈಫೈ. ಎಟಿಎಂ ಕಾರ್ಡಿನಷ್ಟಗಲದ ರಾಸ್ಪ್‌ಬೆರಿ ಪೈ ಎಂಬ ಕಂಪ್ಯೂಟರು ಯಾವುದೋ ಮನೆಯ ಗೂಡಿನಲ್ಲಿ ಕೂತಿರುತ್ತದೆ. ಊರವರು ರೆಕಾರ್ಡ್ ಮಾಡಿಟ್ಟ ಮಾತು, ಹಾಡು, ಕತೆ ಅದರೊಳಗಿದ್ದರೆ ಅಕ್ಕಪಕ್ಕದವರು ತಮ್ಮ ಮೊಬೈಲಿನಲ್ಲೇ ಕೇಳಬಹುದು. ಡೇಟಾಕ್ಕೆ ಕಾಸು ಕಟ್ಟಬೇಕಾಗಿಲ್ಲ.

ಇಂಥ ಕೆಲಸ ಮಾಡುವವರು ವರ್ಷಕ್ಕೊಮ್ಮೆ ಸೇರುವ ಜಾಗ ತುಮಕೂರು ಬಳಿಯ ದೇವರಾಯನದುರ್ಗದ ತಪ್ಪಲು. ಮದ್ದೂರು ತಾಲ್ಲೂಕಿನ ನಮ್ಮ ಬೆಸಗರಹಳ್ಳಿ ಕಡೆಯವರಿಗೆ ಆ ಬೆಟ್ಟ ಬೇರೆ ನಾಡೇನಲ್ಲ. ಮದ್ದೂರಿನ ಶಿಂಷಾ ಹುಟ್ಟುವುದೇ ಅಲ್ಲಿ. ಮಾರ್ಕೋನಹಳ್ಳಿ ಅಣೆಕಟ್ಟು ದಾಟಿ, ಕೊಕ್ಕರೆ ಬೆಳ್ಳೂರಿನ ಮಗ್ಗುಲಲ್ಲಿ ಹಾದು, ಮಳವಳ್ಳಿ ಸೀಮೆಯಲ್ಲಿ ಧುಮುಕಿ ಕಾವೇರಿ ಸೇರುವ ನೀರು ಅದು.

ಕೂಟದ ಹೆಸರು ಆಂಟ್‌ಹಿಲ್ ಹ್ಯಾಕ್ಸ್. ನಡೆಸುವುದು ಜನಸ್ತು ಎಂಬ ಸಂಸ್ಥೆ. ಲಾಭದ ಲೆಕ್ಕವಿಲ್ಲದೆ ಎರಡು ದಶಕಗಳಿಂದ ತಂತ್ರಾಂಶ ಮಾಡಿಕೊಂಡು ಬಂದಿರುವ ಇದನ್ನು ಕಟ್ಟಿದವರಲ್ಲಿ ಟಿ.ಬಿ. ದಿನೇಶ್ ಒಬ್ಬರು. ಅಮೆರಿಕದಲ್ಲಿ ಸೇವಾಸಂಸ್ಥೆಗಳ ಕಂಪ್ಯೂಟರ್ ಕೆಲಸಗಾರರಿಗಾಗಿ ಎನ್‌ಟೆನ್ ಎಂಬ ಸಂಸ್ಥೆ ಪ್ರತಿವರ್ಷ ದೊಡ್ಡ ಸಮ್ಮೇಳನ ಮಾಡುತ್ತದೆ. ಈ ಕೂಟ ನಡೆಯುವ ತಪ್ಪಲಿನ ದುರ್ಗದಹಳ್ಳಿಯಲ್ಲಿ ಅಂಥ ಸಮ್ಮೇಳನದ ಸಭಾಂಗಣವಿಲ್ಲ. ಉದ್ಘಾಟನೆ, ಹಾರ, ಶಾಲು, ವಂದನಾರ್ಪಣೆಗಳ ಗೋಜೂ ಇಲ್ಲ. ಯಾರಿಗೆ ಏನು ಗೊತ್ತೋ ಅದನ್ನು ಅವರು ಹೇಳಿಕೊಡಬೇಕು. 2024ರ ಡಿಸೆಂಬರಿನಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆಸಿದ, ಅಲ್ಲಿ ಬಾಡೂಟ ಬೇಕೋ ಬೇಡವೋ ಎಂದು ಜಗಳವಾಡಿದ ನಮ್ಮ ಮಂಡ್ಯದವರಿಗೆ ಇದು ಅರಗುವುದು ಕಷ್ಟ. ಅತಿಥಿ ಯಾರು, ಆತಿಥೇಯ ಯಾರು ಅನ್ನುವುದೇ ತಿಳಿಯದ ಕೂಟ.

ನನಗೆ ಇದರಲ್ಲೆಲ್ಲ ಹಿಡಿಸಿದ್ದು ಗಳ ನೆಡುವ ಕೆಲಸ. ವೈಫೈ ಅಲೆಗೆ ಎದುರು ಕಾಣುವ ದಾರಿ ಬೇಕು. ಮಧ್ಯೆ ಒಂದು ಹುಣಸೆಮರ ಬಂದರೂ ತಕರಾರು. ಮಳೆ ಬಂದು ಎಲೆ ನೆಂದರೆ ಇನ್ನೂ ಕಷ್ಟ, ನೀರು ಅಲೆಯನ್ನು ನುಂಗುತ್ತದೆ. ಅದಕ್ಕೇ ಎತ್ತರ ಬೇಕು. ಕಬ್ಬಿಣದ ಗೋಪುರಕ್ಕೆ ದುಡ್ಡೆಲ್ಲಿದೆ? ಬಿದಿರು ಸಾಕು. ಅದರ ತುದಿಗೆ ರೂಟರ್ ಕಟ್ಟಿ, ಮೂರು ದಿಕ್ಕಿಗೆ ಹಗ್ಗ ಬಿಗಿದು ನಿಲ್ಲಿಸಬೇಕು. ವಿದ್ಯುತ್ತೂ ಮಾಹಿತಿಯೂ ಒಂದೇ ಕೇಬಲ್ಲಿನಲ್ಲಿ ಮೇಲೇರುತ್ತವೆ. ಆ ಕೇಬಲ್ಲನ್ನು ಮನೆಯೊಳಗೆ ತರುವ ಮುನ್ನ ಒಂದಿಷ್ಟು ಸಡಿಲ ಬಿಟ್ಟು ಕೆಳಗೆ ಬಾಗಿಸಬೇಕು. ಇಲ್ಲದಿದ್ದರೆ ಮಳೆನೀರು ಕೇಬಲ್ ಹಿಡಿದೇ ಹರಿದು ಬಂದು ಒಳಗಿನ ಯಂತ್ರದ ಪೆಟ್ಟಿಗೆಯನ್ನು ಸುಡುತ್ತದೆ. ಬಾಗಿಸಿದರೆ ನೀರು ಆ ಬಾಗಿನ ತುದಿಯಲ್ಲೇ ತೊಟ್ಟಿಕ್ಕುತ್ತದೆ. ಯಾವ ಎಂಜಿನಿಯರಿಂಗ್ ಡಿಗ್ರಿಯೂ ಬೇಡದ ಈ ಬುದ್ಧಿ ಗೊತ್ತಿಲ್ಲದೆ ಎಷ್ಟು ಪೆಟ್ಟಿಗೆ ಹಾಳಾಗಿಲ್ಲ! ಒಂದು ಗಳದಿಂದ ಇನ್ನೊಂದಕ್ಕೆ, ಅಲ್ಲಿಂದ ಮಗದೊಂದಕ್ಕೆ ಮಾತು ದಾಟುತ್ತದೆ. ನಡುವೆ ಒಂದು ಸತ್ತರೆ, ಸುತ್ತಮುತ್ತ ಬೇರೆ ಗಳಗಳಿದ್ದರೆ ಬಳಸು ದಾರಿ ತಾನೇ ಹುಡುಕಿಕೊಳ್ಳುತ್ತದೆ. ಇದಕ್ಕೆ ಮೆಶ್ ಎನ್ನುತ್ತಾರೆ.

ಊರಿನ ಮಾತನ್ನು ಊರವರೇ ಕೇಳಿಸಬೇಕೆಂಬ ಈ ಹಂಬಲಕ್ಕೆ ಹಳೆಯ ಬೇರಿದೆ. ರೇಡಿಯೊ ತರಂಗ ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಹಳ್ಳಿಯವರಿಗೆ ರೇಡಿಯೊ ಪರವಾನಗಿ ಸಿಗಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯವರು ಕಾಯುತ್ತ ಕೂರದೆ ಕೇಬಲ್ ಎಳೆದು ಮನೆಮನೆಗೆ ‘ನಮ್ಮ ಧ್ವನಿ’ ಕೇಳಿಸಿದರು. ಸೇವಾಸಂಸ್ಥೆಗಳಿಗೆ ಸಮುದಾಯ ರೇಡಿಯೊ ನಡೆಸಲು ಸರ್ಕಾರ ಒಪ್ಪಿದ್ದು 2006ರಲ್ಲಿ. ವೈಫೈ ಮಟ್ಟಿಗೆ ಹಾದಿ ಸಲೀಸಾಯಿತು. 2.4 ಗಿಗಾಹರ್ಟ್ಸ್ ಅಲೆ 2005ರಲ್ಲೇ ಪರವಾನಗಿಯಿಂದ ಬಿಡುಗಡೆಯಾಯಿತು, 5 ಗಿಗಾಹರ್ಟ್ಸ್‌ನ ಬಹುಪಾಲು ಹೊರಾಂಗಣ ಬಳಕೆಗೆ 2018ರಲ್ಲಿ.

ನಮಗೆ ಇನ್ನೂ ಹತ್ತಿರದ ಕೆಲಸ ಚನ್ನಪಟ್ಟಣದಲ್ಲಿದೆ. ಅಲ್ಲಿ ಆರೋಗ್ಯ ಕಾರ್ಯಕರ್ತೆಯರು ‘ಮಾಯಾ’, ‘ಡಿಸೈನ್ ಬೇಕು’, ಜನಸ್ತು ತಂಡಗಳೊಡನೆ ಸೇರಿ ಧ್ವನಿಯ ಗ್ರಂಥಾಲಯವೊಂದನ್ನು ಕಟ್ಟಿದ್ದಾರೆ. ಅದರ ತಂತ್ರಾಂಶದ ಹೆಸರು ಪಾಪಡ್. ಮಾತನ್ನು ರೆಕಾರ್ಡ್ ಮಾಡಿ, ತುಣುಕಿಗೊಂದು ಚಿತ್ರವನ್ನೋ ಗುರುತನ್ನೋ ಅಂಟಿಸಿದರೆ ಓದು ಬಾರದವರೂ ಹುಡುಕಿ ಕೇಳಬಹುದು.

ತೊಂದರೆ ಬರುವುದು ಯೋಜನೆಯ ದುಡ್ಡು ಮುಗಿದ ಮೇಲೆ. ಹೊಸದನ್ನು ಮಾಡಲು ಅನುದಾನ ಕೊಡುವವರಿದ್ದಾರೆ, ಇದ್ದದ್ದನ್ನು ರಿಪೇರಿ ಮಾಡಲು ಕೊಡುವವರು ಕಡಿಮೆ. ಸಿಡಿಲಿಗೆ ಪೆಟ್ಟಿಗೆ ಸುಟ್ಟಾಗ ಬೆಂಗಳೂರಿನಿಂದ ಯಾರಾದರೂ ಬರಲಿ ಎಂದು ಕಾದರೆ ಆ ವೈಫೈ ಕತೆ ಮುಗಿದಂತೆ. ಹಾಗಾಗಿ ಇಂಥ ಕೂಟದಿಂದ ಎಷ್ಟು ಹೊಸ ತಂತ್ರಾಂಶ ಹೊರಬಂತು ಎಂದು ನಾನು ಕೇಳುವುದಿಲ್ಲ. ಗಳ ಇಳಿಸಿ ರಿಪೇರಿ ಮಾಡಬಲ್ಲ ಎಷ್ಟು ಹುಡುಗ ಹುಡುಗಿಯರು ಊರಲ್ಲೇ ತಯಾರಾದರು ಎಂದು ಕೇಳುತ್ತೇನೆ.

ವೈದ್ಯರಾಗಿದ್ದ ಬೆಸಗರಹಳ್ಳಿ ರಾಮಣ್ಣನವರು ಕತೆಗಾರರೂ ಆಗಿದ್ದರಿಂದ ನಮ್ಮ ಸೀಮೆಯ ಒಂದು ತಲೆಮಾರಿನ ಮಾತು ಅಚ್ಚಿನಲ್ಲಿ ಉಳಿಯಿತು. ಆ ಮಾತಿನ ಏರಿಳಿತವನ್ನು ಬಾಯಲ್ಲಿ ಉಳಿಸಿಕೊಂಡವರಿಗೆ ಈಗ ಎಂಬತ್ತರ ಮೇಲೆ. ಬತ್ತದ ಕುಯ್ಲು ಮುಗಿದ ಮೇಲೆ ಒಂದು ವಾರ ಇಂಥ ಕೂಟವನ್ನು ಬೆಸಗರಹಳ್ಳಿಗೆ ಕರೆದರೆ ಜಾಗಕ್ಕೆ, ಊಟಕ್ಕೆ ತತ್ವಾರವೇನಾಗದು. ಆದರೆ ಕರೆಯಬೇಕಾದ ವಯಸ್ಸಿನ ನಮ್ಮ ಹುಡುಗರು ಬೆಳಗ್ಗೆ ಮದ್ದೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದವರು ಊರು ಸೇರುವಷ್ಟರಲ್ಲಿ ರಾತ್ರಿಯಾಗಿರುತ್ತದೆ.