ಕಲ್ಲೆಳೆಯುವ ಜೋಡಿಯೂ ನೆಟ್ಟಗೆ ನಿಂತ ಚೌಕಟ್ಟೂ

ಕಾರಹುಣ್ಣಿಮೆಯ ವೇಳೆಗೆ ರಾಯಚೂರಿನಲ್ಲಿ ಮುನ್ನೂರು ಕಾಪು ಸಮಾಜದವರು ವರ್ಷವರ್ಷವೂ ನಡೆಸಿಕೊಂಡು ಬರುತ್ತಿರುವ ಮುಂಗಾರು ಹಬ್ಬದಲ್ಲಿ, ಎತ್ತುಗಳಿಂದ ಭಾರದ ಕಲ್ಲನ್ನು ಎಳೆಸುವ ಸ್ಪರ್ಧೆಯ ಆಕರ್ಷಣೆ ಎಂಥದೆಂಬುದು ಆ ಸೀಮೆಯವರಿಗೆ ಹೇಳಿ ತಿಳಿಸಬೇಕಾದ ಸಂಗತಿಯಲ್ಲ. ಕೊಂಬಿಗೆ ಬಣ್ಣ ಬಳಿಸಿಕೊಂಡ ಜೋಡಿಯೊಂದು ಟನ್ನುಗಟ್ಟಲೆ ತೂಕದ ಕಲ್ಲನ್ನು, ಗೊತ್ತುಪಡಿಸಿದ ಅವಧಿಯೊಳಗೆ ಎಷ್ಟು ದೂರ ಸಾಗಿಸಿತೆಂಬುದರ ಮೇಲೆ ಅಲ್ಲಿ ಸೋಲುಗೆಲುವುಗಳ ನಿರ್ಣಯವಾಗುತ್ತದೆ. ದೇವದುರ್ಗ, ಮಾನ್ವಿಗಳಿಂದಲೂ ಯಾಪಲದಿನ್ನಿಯಂತಹ ಹಳ್ಳಿಗಳಿಂದಲೂ ಬಂದು ಕಣದ ಸುತ್ತ ನಿಲ್ಲುವ ತರುಣರ ಕೈಯಲ್ಲಿ ಈಗ ಮೊಬೈಲ್ ಇಲ್ಲದಿರುವುದು ಅಪರೂಪ. ಅವರು ತೆಗೆದ ವಿಡಿಯೊಗಳಲ್ಲಿ ಬಹುಭಾಗ ಸಂಜೆಯೊಳಗಾಗಿ ರೀಲ್ಸ್ ರೂಪವನ್ನು ತಾಳಿ ಊರೂರಿಗೆ ಹಬ್ಬುವುದೂ ಅಷ್ಟೇ ಸಹಜವಾಗಿದೆ. ಅಡ್ಡಲಾಗಿ ಹಿಡಿದು ತೆಗೆದ ದೃಶ್ಯವನ್ನು ನೆಟ್ಟಗೆ ನಿಂತ ಚೌಕಟ್ಟಿಗೆ ಹೊಂದಿಸುವ ಈ ಸಣ್ಣ ಕೆಲಸದಲ್ಲಿ, ಎಡಿಟಿಂಗ್ ತಂತ್ರಾಂಶವು ಒಳಗೊಳಗೆ ಏನನ್ನು ಮಾಡುತ್ತದೆ, ಏನನ್ನು ಮಾಡಲು ಅದಕ್ಕೆ ಸಾಧ್ಯವಿಲ್ಲ ಎಂಬುದು ವಿಚಾರಾರ್ಹವಾದ ವಿಷಯ.

ಮೊದಲು ಆಕಾರದ ಲೆಕ್ಕ. ಎತ್ತುಗಳ ಮೂತಿಯಿಂದ ಹಿಡಿದು, ನೊಗ, ಸರಪಣಿಗಳನ್ನು ದಾಟಿ, ಕಲ್ಲಿನ ಹಿಂಬದಿಯವರೆಗೆ ನೋಡಿದರೆ ಈ ದೃಶ್ಯದ ಉದ್ದವು ಎತ್ತರದ ಸುಮಾರು ನಾಲ್ಕು ಪಟ್ಟಾಗುತ್ತದೆಂದು ಇಟ್ಟುಕೊಳ್ಳೋಣ. ಅಗಲ 16, ಎತ್ತರ 9ರ ಪ್ರಮಾಣದ ಅಡ್ಡ ಚೌಕಟ್ಟಿನಲ್ಲಿ ಅದನ್ನು ಪೂರ್ತಿಯಾಗಿ ಹಿಡಿದರೆ, ಜೋಡಿಯು ಚೌಕಟ್ಟಿನ ಎತ್ತರದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಸ್ಥಳವನ್ನು ಆಕ್ರಮಿಸಿ ಕಣ್ತುಂಬ ಕಾಣುತ್ತದೆ. ಅದೇ ಚೌಕಟ್ಟನ್ನು ಎತ್ತಿ ನಿಲ್ಲಿಸಿ, ಅಗಲ 9, ಎತ್ತರ 16 ಮಾಡಿದರೆ, ಪೂರ್ತಿ ಜೋಡಿಯು ಎತ್ತರದ ಏಳನೆಯ ಒಂದು ಪಾಲಿಗೆ ಕುಗ್ಗುತ್ತದೆ; ಮಿಕ್ಕುದೆಲ್ಲ ಮೇಲೆ ಆಕಾಶ, ಕೆಳಗೆ ಧೂಳು. ಕುಗ್ಗಬಾರದೆಂದು ಹತ್ತಿರಕ್ಕೆ ತಂದರೆ ಎತ್ತು ಇದ್ದಲ್ಲಿ ಕಲ್ಲಿಲ್ಲ, ಕಲ್ಲಿದ್ದಲ್ಲಿ ಎತ್ತಿಲ್ಲ.

ಚಿತ್ರದ ಆಕಾರ ಮತ್ತು ತೋರಿಸುವ ತೆರೆಯ ಆಕಾರ ಇವೆರಡರ ನಡುವಣ ಈ ವೈಮನಸ್ಯವು ಮೊಬೈಲಿನಿಂದ ಹುಟ್ಟಿದ್ದಲ್ಲ. ಎಡಿಸನ್ನನ ಪ್ರಯೋಗಶಾಲೆಯಲ್ಲಿದ್ದ ವಿಲಿಯಂ ಡಿಕ್ಸನ್ 1890ರ ದಶಕದ ಆರಂಭದಲ್ಲಿ 35 ಮಿಲಿಮೀಟರ್ ಅಗಲದ ಫಿಲ್ಮಿನ ಮೇಲೆ ಒಂದೊಂದು ಚಿತ್ರಕ್ಕೆ ಅಂಚಿನ ನಾಲ್ಕು ನಾಲ್ಕು ರಂಧ್ರಗಳ ಎತ್ತರವನ್ನು ಕೊಟ್ಟಂದಿನಿಂದ, ನಾಲ್ಕಕ್ಕೆ ಮೂರರ ಪ್ರಮಾಣವೇ ಸಿನಿಮಾದ ರೂಢಿಯಾಗಿ, ಮುಂದೆ ದೂರದರ್ಶನದ ಪೆಟ್ಟಿಗೆಗೂ ಅದೇ ಪಿತ್ರಾರ್ಜಿತವಾಗಿ ಬಂದಿತು. 1953ರಲ್ಲಿ ಸಿನಿಮಾಸ್ಕೋಪ್ ಪ್ರವೇಶಿಸಿ, ದೃಶ್ಯದ ಅಗಲವನ್ನು ವಿಶಿಷ್ಟ ಮಸೂರದಿಂದ ಅರ್ಧಕ್ಕೆ ಹಿಂಡಿ ಫಿಲ್ಮಿನಲ್ಲಿ ಅಡಗಿಸಿ, ತೆರೆಯ ಮೇಲೆ ಮತ್ತೆ ಹರಡಿಸುವ ಉಪಾಯದಿಂದ ಅಗಲವನ್ನು ಎತ್ತರದ 2.35 ಪಟ್ಟಿನಷ್ಟಕ್ಕೆ ಹಿಗ್ಗಿಸಿತು. ಭಾರತದಲ್ಲಿ ಈ ವಿಶಾಲ ಚೌಕಟ್ಟನ್ನು ಮೊದಲು ಆಳಿದವರು ನಮ್ಮವರೇ ಎಂಬುದನ್ನು ಇಲ್ಲಿ ನೆನೆಯದೆ ಮುಂದುವರಿಯುವುದು ನನ್ನಿಂದಾಗದು: ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣವನ್ನು ಅಭ್ಯಾಸಮಾಡಿದ ವಿ. ಕೆ. ಮೂರ್ತಿಯವರು 1959ರ 'ಕಾಗಜ್ ಕೆ ಫೂಲ್' ಚಿತ್ರವನ್ನು ಸಿನಿಮಾಸ್ಕೋಪಿನಲ್ಲಿ ಸೆರೆಹಿಡಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಪ್ರಥಮ ಛಾಯಾಗ್ರಾಹಕರೂ ಅವರೇ. ಕನ್ನಡದಲ್ಲಿ ಆ ಪದ್ಧತಿಯ ಮೊದಲ ಚಿತ್ರವು 1977ರ 'ಸೊಸೆ ತಂದ ಸೌಭಾಗ್ಯ'. ಇಂತಹ ಅಗಲ ಚಿತ್ರವನ್ನು ಚೌಕಾಕಾರದ ಟಿವಿಯ ಪರದೆಯ ತುಂಬ ತೋರಿಸಹೊರಟರೆ ನೂರರಲ್ಲಿ 43 ಪಾಲು ಚಿತ್ರ ಹೊರಗುಳಿಯಬೇಕು. ಎದುರುಬದುರಾಗಿ ನಿಂತು ಮಾತಾಡುವ ಇಬ್ಬರಲ್ಲಿ ಯಾರನ್ನು ಉಳಿಸಬೇಕೆಂದು ಯಾವನೋ ಒಬ್ಬ ಸಂಕಲನಕಾರ ನಿರ್ಧರಿಸಿ, ಚೌಕಟ್ಟನ್ನು ಅತ್ತಿಂದಿತ್ತ ಸರಿಸುತ್ತಿದ್ದ. 'ಪ್ಯಾನ್ ಅಂಡ್ ಸ್ಕ್ಯಾನ್' ಎಂಬ ಆ ಕಸುಬೇ, ಚಿತ್ರವನ್ನು ಬೇರೊಂದು ಚೌಕಟ್ಟಿಗೆ ಹೊಂದಿಸುವ ಇಂದಿನ ರೀಫ್ರೇಮಿಂಗಿನ ಪೂರ್ವಜ. ಇಂದಿನ ಟಿವಿಗಳ 16:9 ಪ್ರಮಾಣವೂ ಒಂದು ರಾಜಿಯ ಫಲವೆಂದೇ ಹೇಳಬೇಕು. 1.33 ಮತ್ತು 2.35 ಇವೆರಡನ್ನು ಗುಣಿಸಿ ವರ್ಗಮೂಲ ತೆಗೆದರೆ ಬರುವುದು 1.77; 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರ್ ಹಳೆಯ ಟಿವಿಗೂ ಸಿನಿಮಾಸ್ಕೋಪಿಗೂ ನಡುವೆ ಈ ಮಧ್ಯಮಾನವನ್ನು ಸೂಚಿಸಿದ.

ಫಿಲ್ಮಿನ ಕಾಲ ಹೋಗಿ ಚಿತ್ರವು ಅಂಕಿಗಳಾಗಿರುವ ಈ ದಿನಗಳಲ್ಲಿ ಕತ್ತರಿಸುವುದೆಂದರೆ ಅಂಕಿಗಳನ್ನು ಬಿಡುವುದು ಎಂದರ್ಥ. ಸಾಮಾನ್ಯ ಎಚ್‌ಡಿ ವಿಡಿಯೊದ ಒಂದೊಂದು ಚಿತ್ರದಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಪಿಕ್ಸೆಲ್‌ಗಳಿರುತ್ತವೆ. ಇದರ ಪೂರ್ಣ ಎತ್ತರವನ್ನು ಉಳಿಸಿಕೊಂಡು 9:16ರ ನೆಟ್ಟನೆಯ ತುಂಡನ್ನು ತೆಗೆದರೆ ಅದರ ಅಗಲ 607.5 ಪಿಕ್ಸೆಲ್, ಅರ್ಧ ಪಿಕ್ಸೆಲ್ ಎಂಬುದಿಲ್ಲವಾದುದರಿಂದಲೂ, ಬಣ್ಣದ ವಿವರವನ್ನು ಎರಡೆರಡು ಪಿಕ್ಸೆಲ್‌ಗಳಿಗೆ ಸೇರಿಸಿ ದಾಖಲಿಸುವ ರೂಢಿಯಿರುವುದರಿಂದ ಸಮಸಂಖ್ಯೆಯೇ ಬೇಕಾದುದರಿಂದಲೂ, ತಂತ್ರಾಂಶವು 608ಕ್ಕೆ ನಿಲ್ಲುತ್ತದೆ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಚಿತ್ರ ಇಲ್ಲಿಗೇ ಹೋಯಿತು. ಉಳಿದ ಆರೂವರೆ ಲಕ್ಷ ಚಿಲ್ಲರೆ ಪಿಕ್ಸೆಲ್‌ಗಳನ್ನು ಮತ್ತೆ 1080ಕ್ಕೆ 1920ರ ಪರದೆಯ ತುಂಬ ಹರಡಬೇಕಾಗಿರುವುದರಿಂದ, ಒಂದು ನಿಜವಾದ ಪಿಕ್ಸೆಲ್ ಸುಮಾರು ಮೂರರ ಸ್ಥಾನವನ್ನು ತುಂಬತಕ್ಕದ್ದಾಗುತ್ತದೆ. ನಡುವಣ ಖಾಲಿಗಳನ್ನು ತಂತ್ರಾಂಶವು ಊಹೆಯಿಂದ ತುಂಬುತ್ತದೆ: ಕಪ್ಪಾದ ಕೊಂಬಿನ ಅಂಚಿನ ಹೊಳಪಿನ ಬೆಲೆ 40, ಪಕ್ಕದ ಆಕಾಶದ ಬೆಲೆ 220 ಆಗಿದ್ದರೆ, ಮಧ್ಯೆ 130ರ ಬೂದು ಬಣ್ಣವೊಂದನ್ನು ಸೃಷ್ಟಿಸಿ ಇಡುತ್ತದೆ. ಸುತ್ತಲಿನ ನಾಲ್ಕು ಪಿಕ್ಸೆಲ್‌ಗಳ ಬದಲು ಹದಿನಾರನ್ನು ನೋಡಿ ಊಹಿಸುವ ಬೈಕ್ಯೂಬಿಕ್ ವಿಧಾನದಲ್ಲಿ ಅಂಚು ತುಸು ಚುರುಕಾಗಿ ಕಾಣುವುದು ನಿಜ. ಆದರೆ ಕ್ಯಾಮೆರಾ ಕಾಣದಿದ್ದ ವಿವರವನ್ನು ಇವಾವುವೂ ತಂದುಕೊಡಲಾರವು.

ಕಲ್ಲೆಳೆಯುವ ಕಣವು ಈ ದೌರ್ಬಲ್ಯವನ್ನು ಎತ್ತಿ ತೋರಿಸುವುದಕ್ಕೆ ಹೇಳಿ ಮಾಡಿಸಿದ ಸ್ಥಳ. ಮೊಬೈಲಿನಲ್ಲಿ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗಳ ಹೊಳಪನ್ನು ಪ್ರತ್ಯೇಕವಾಗಿ ಬರೆದಿಟ್ಟರೂ ಬಣ್ಣವನ್ನು ಮಾತ್ರ ನಾಲ್ಕಕ್ಕೂ ಕೂಡಿಸಿ ಒಂದೇ ಸಲ ಬರೆಯಲಾಗುತ್ತದೆ. ಆದಕಾರಣ ಕೆಂಪು ಬಳಿದ ಕೊಂಬನ್ನು ಹಿಗ್ಗಿಸಿದಾಗ ಅದರ ಗೆರೆ ಸ್ಪಷ್ಟವಿದ್ದರೂ ಕೆಂಪು ಗೆರೆಯನ್ನು ಮೀರಿ ಹೊರಕ್ಕೆ ಸೋರಿದಂತಿರುತ್ತದೆ. ಧೂಳಿನ ಪಾಡು ಇನ್ನೂ ಕೆಟ್ಟದು. ವಿಡಿಯೊವನ್ನು ಕಿರಿದಾಗಿಸಿ ಇಡುವ ವಿಧಾನವು, ಹಿಂದಿನ ಚಿತ್ರದಲ್ಲಿದ್ದುದು ಮುಂದಿನ ಚಿತ್ರದಲ್ಲಿ ಎಲ್ಲಿಗೆ ಸರಿಯಿತೆಂಬ ಲೆಕ್ಕಾಚಾರವನ್ನು ಅವಲಂಬಿಸಿದೆ. ಎತ್ತಿನ ಕಾಲ ಕೆಳಗಿನಿಂದೆದ್ದ ಧೂಳು ಯಾವ ಕ್ರಮಕ್ಕೂ ಒಳಪಡದೆ ಕ್ಷಣಕ್ಷಣವೂ ಹೊಸದಾಗುತ್ತಿರುವುದರಿಂದ, ಅದನ್ನು ಬರೆದಿಡಲು ಮೀಸಲಾದ ಅಂಕಿಗಳು ಸಾಲದೆ ಬಂದು, ಕಣಕಣವಾಗಿದ್ದುದು ಚೌಕ ಚೌಕವಾದ ಮಬ್ಬು ತೇಪೆಗಳಾಗಿ ಉಳಿಯುತ್ತದೆ. ಪೂರ್ಣ ಚಿತ್ರದಲ್ಲಿ ಕಣ್ಣು ಅದನ್ನು ಮನ್ನಿಸುತ್ತದೆ. ಕತ್ತರಿಸಿ ಹಿಗ್ಗಿಸಿದಾಗ ಮನ್ನಿಸದು. ಇದಕ್ಕಿರುವ ಪರಿಹಾರವನ್ನು ಚಿತ್ರೀಕರಣದ ಸಮಯದಲ್ಲಿಯೇ ಮಾಡಿಕೊಳ್ಳಬೇಕು. 3840ಕ್ಕೆ 2160ರ 4ಕೆ ಗಾತ್ರದಲ್ಲಿ ತೆಗೆದರೆ ಅದರ ನೆಟ್ಟನೆಯ ತುಂಡು 1216ಕ್ಕೆ 2160 ಆಗಿ, ರೀಲ್ಸಿನ 1080ಕ್ಕೆ 1920ಕ್ಕಿಂತಲೂ ದೊಡ್ಡದಿರುವುದರಿಂದ ಹಿಗ್ಗಿಸುವ ಪ್ರಮೇಯವೇ ಬಾರದು.

ಆದರೂ 4ಕೆಯಲ್ಲಿ ತೆಗೆದ ಐಶ್ವರ್ಯವನ್ನು ತಂತ್ರಾಂಶದ ಒಳಗೇ ಕಳೆದುಕೊಳ್ಳುವವರುಂಟು. ಸಂಕಲನದ ಟೈಮ್‌ಲೈನಿನಲ್ಲಿ ನಾವು ಮಾಡುವ ಯಾವ ಕತ್ತರಿಯೂ ಮೂಲ ಫೈಲನ್ನು ಮುಟ್ಟುವುದಿಲ್ಲವೆಂಬುದೂ, 'ಇಂತಿಷ್ಟು ಸರಿಸು, ಇಂತಿಷ್ಟು ಹಿಗ್ಗಿಸು' ಎಂಬ ಸೂಚನೆಗಳು ಮಾತ್ರ ಬೇರೆಯಾಗಿ ಸಂಗ್ರಹವಾಗಿ ಕಡೆಗೆ ಎಕ್ಸ್‌ಪೋರ್ಟ್ ಮಾಡುವಾಗ ಕಾರ್ಯಗತವಾಗುವುವೆಂಬುದೂ ಸಾಮಾನ್ಯ ನಿಯಮ. ಪ್ರೀಮಿಯರ್ ಪ್ರೊ ಎಂಬ ಸಂಕಲನ ತಂತ್ರಾಂಶದಲ್ಲಿ ಬಹುಕಾಲದಿಂದ ಇರುವ 'ಸ್ಕೇಲ್ ಟು ಫ್ರೇಮ್ ಸೈಜ್' ಎಂಬ ಆಯ್ಕೆಯು ದೊಡ್ಡ ಚಿತ್ರವನ್ನು ಮೊದಲು ಟೈಮ್‌ಲೈನಿನ ಗಾತ್ರಕ್ಕೆ ಇಳಿಸಿ, ಅನಂತರದ ಹಿಗ್ಗುವಿಕೆಯನ್ನು ಆ ಇಳಿದ ಚಿತ್ರದ ಮೇಲೆಯೇ ನಡೆಸುತ್ತದೆ. ಅದರ ಜೊತೆಗೆ ಬಹುಕಾಲ ಇದ್ದ 'ಸೆಟ್ ಟು ಫ್ರೇಮ್ ಸೈಜ್' ಎಂಬುದಾದರೋ ಮೂಲ ಪಿಕ್ಸೆಲ್‌ಗಳನ್ನು ಉಳಿಸಿಕೊಂಡೇ ಅಳತೆಯನ್ನು ಮಾತ್ರ ಬದಲಾಯಿಸುತ್ತಿತ್ತು. ಹೆಸರುಗಳನ್ನು ಇಷ್ಟು ಹೋಲಿಕೆಯಾಗಿ ಇಟ್ಟವರ ಜಾಣ್ಮೆಯನ್ನು ಮೆಚ್ಚಲೇ ಬೇಕು! ವಾಲಿದ ದೃಶ್ಯವನ್ನು ನೆಟ್ಟಗೆ ಮಾಡುವುದಕ್ಕೂ ಬೆಲೆಯುಂಟು: 16:9ರ ಚಿತ್ರವನ್ನು ಕೇವಲ ಎರಡು ಡಿಗ್ರಿ ತಿರುಗಿಸಿದರೆ ಮೂಲೆಗಳಲ್ಲಿ ತೋರುವ ಕಪ್ಪನ್ನು ಮುಚ್ಚಲು ನೂರಕ್ಕೆ ಆರರಷ್ಟು ಹಿಗ್ಗಿಸಬೇಕು, ಐದು ಡಿಗ್ರಿಗೆ ಹದಿನೈದರಷ್ಟು.

ಇನ್ನು ಚಲಿಸುವ ಚೌಕಟ್ಟಿನ ವಿಚಾರ. ಒಂದು ಕ್ಷಣದಲ್ಲಿ ಚೌಕಟ್ಟು ಇಲ್ಲಿರಲಿ, ಇನ್ನೊಂದು ಕ್ಷಣದಲ್ಲಿ ಅಲ್ಲಿರಲಿ ಎಂದು ಗುರುತು ಹಾಕುವುದಕ್ಕೆ ಕೀ ಫ್ರೇಮ್ ಎನ್ನುತ್ತಾರೆ. ನಾಲ್ಕು ಸೆಕೆಂಡುಗಳಲ್ಲಿ ಚೌಕಟ್ಟು 800 ಪಿಕ್ಸೆಲ್ ಸರಿಯಬೇಕೆಂದರೆ, ಸೆಕೆಂಡಿಗೆ 25 ಚಿತ್ರಗಳ ಲೆಕ್ಕದಲ್ಲಿ ತಂತ್ರಾಂಶವು ಚಿತ್ರಕ್ಕೆ ಎಂಟೆಂಟು ಪಿಕ್ಸೆಲ್‌ಗಳಂತೆ ಹಂಚಿಹಾಕುತ್ತದೆ. ನಿಧಾನವಾಗಿ ಹೊರಟು ನಿಧಾನವಾಗಿ ನಿಲ್ಲುವ 'ಈಸ್' ಎಂಬ ಗುಣವನ್ನು ಸೇರಿಸಿದರೆ ನೋಡಲು ಹಿತ. ಎತ್ತುಗಳಿಗೆ ಈ ಸೌಜನ್ಯ ತಿಳಿಯದು. ಅವು ಒಮ್ಮೆ ಮುಗ್ಗರಿಸಿದಂತೆ ನಿಂತು, ಹಿಂದೆ ಕೂಗುವವರ ಗದ್ದಲಕ್ಕೆ ಒಮ್ಮೆಲೇ ಕತ್ತು ಬಗ್ಗಿಸಿ ನುಗ್ಗಿದಾಗ, ಮೆಲ್ಲಗೆ ಹೊರಟ ಚೌಕಟ್ಟು ಹಿಂದುಳಿದು ಮೂತಿಯು ಅಂಚಿನಾಚೆ ಮಾಯವಾಗುತ್ತದೆ. ನಿಂತಲ್ಲಿ ಒಂದು, ನುಗ್ಗುವ ಕ್ಷಣಕ್ಕಿಂತ ತುಸು ಮೊದಲೊಂದು ಕೀ ಫ್ರೇಮ್ ಇಟ್ಟು, ಮೂತಿಯ ಮುಂದೆ ಸ್ವಲ್ಪ ಬಯಲನ್ನು ಬಿಟ್ಟವನೇ ಈ ಕೆಲಸದಲ್ಲಿ ಪಳಗಿದವನು.

ಈ ಶ್ರಮವನ್ನು ಯಂತ್ರಕ್ಕೇ ಒಪ್ಪಿಸುವ ಪ್ರಯತ್ನಗಳೂ ನಡೆದಿವೆ. 2019ರಲ್ಲಿ ಪ್ರೀಮಿಯರ್‌ಗೆ ಆಟೊ ರೀಫ್ರೇಮ್ ಬಂದಿತು; 2020ರಲ್ಲಿ ಗೂಗಲ್ ಆಟೊಫ್ಲಿಪ್ ಎಂಬುದನ್ನು ಎಲ್ಲರೂ ಬಳಸಬಹುದಾದಂತೆ ಬಿಡುಗಡೆ ಮಾಡಿತು; ಡಾವಿಂಚಿ ರಿಸಾಲ್ವ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಸ್ಮಾರ್ಟ್ ರೀಫ್ರೇಮ್ ಇದೆ. ಆಟೊಫ್ಲಿಪ್‌ನ ಕ್ರಮವನ್ನೇ ನೋಡುವುದಾದರೆ, ಅದು ವಿಡಿಯೊವನ್ನು ಮೊದಲು ಶಾಟ್‌ಗಳಾಗಿ ವಿಂಗಡಿಸಿ, ಪ್ರತಿ ಚಿತ್ರದಲ್ಲಿಯೂ ಮುಖಗಳನ್ನೂ ವಸ್ತುಗಳನ್ನೂ ಗುರುತಿಸಿ, ಚೌಕಟ್ಟು ಸ್ಥಿರವಾಗಿರಬೇಕೋ, ಒಂದೇ ವೇಗದಿಂದ ಸರಿಯಬೇಕೋ, ವಸ್ತುವನ್ನು ಬೆನ್ನಟ್ಟಬೇಕೋ ಎಂಬ ಮೂರರಲ್ಲಿ ಒಂದನ್ನು ಆರಿಸುತ್ತದೆ. ಭಾಷಣ, ಸಂದರ್ಶನಗಳಿಗೆ ಇದು ಸಾಕು. ಕಣದಲ್ಲಿಯಾದರೋ, ಬಾರುಕೋಲು ಬೀಸುತ್ತ ಕೂಗುವವನ ಮುಖವೂ ತೋಳೂ ಯಂತ್ರಕ್ಕೆ ಆಕರ್ಷಕವಾದಷ್ಟು, ನೆಲಕ್ಕಂಟಿದ ಬೂದು ಕಲ್ಲು ಆಗುವುದಿಲ್ಲ. ಸ್ಪರ್ಧೆ ನಡೆದಿರುವುದು ಆ ಕಲ್ಲಿನ ಸಲುವಾಗಿಯೇ ಎಂಬುದು ಪಿಕ್ಸೆಲ್‌ಗಳಲ್ಲಿ ಎಲ್ಲಿಯೂ ಬರೆದಿಲ್ಲವಷ್ಟೆ. ಕಲ್ಲನ್ನು ಬಿಟ್ಟು ಎತ್ತುಗಳ ಓಟವನ್ನು ಮಾತ್ರ ತೋರಿಸುವ ರೀಲ್ಸ್, ಎಷ್ಟೇ ಸೊಗಸಾಗಿದ್ದರೂ, ನನ್ನ ದೃಷ್ಟಿಯಲ್ಲಿ ಆ ಸ್ಪರ್ಧೆಯ ಚಿತ್ರವಲ್ಲ.

ಈ ಸ್ಪರ್ಧೆ ನಡೆಯುವ ರಾಯಚೂರಿನ ಕೋಟೆಯಲ್ಲಿಯೇ ಕಲ್ಲೆಳೆಯುವ ಚಿತ್ರವೊಂದು ಏಳು ಶತಮಾನಗಳಿಂದ ಇದೆ. 1294ರಲ್ಲಿ ಕಾಕತೀಯರ ಅಧೀನದಲ್ಲಿ ಕೋಟೆಯನ್ನು ಕಟ್ಟಿಸಿದ ವಿವರವನ್ನು ಕೊರೆದಿರುವ, ನಲವತ್ತೊಂದು ಅಡಿಗೂ ಮಿಕ್ಕಿ ಉದ್ದವಾದ ಶಾಸನಶಿಲೆಯನ್ನು ತಂದ ಬಗೆಯನ್ನು ಶಿಲ್ಪಿ ಅದರ ಸಮೀಪದಲ್ಲಿಯೇ ಗೆರೆಗಳಲ್ಲಿ ಚಿತ್ರಿಸಿದ್ದಾನೆ: ಗಾಡಿಯ ಮೇಲೆ ಆ ಬಂಡೆ, ಮುಂದೆ ಕೋಣಗಳ ಉದ್ದನೆಯ ಸಾಲು, ಹುರಿದುಂಬಿಸುವ ಆಳುಗಳು, ಹಿಂದೆ ಗಾಲಿಗೆ ಸನ್ನೆ ಹಾಕಿ ನೂಕುವವರು. ಗೋಡೆ ಉದ್ದವಾಗಿದ್ದುದರಿಂದ ಅವನು ಯಾವುದನ್ನೂ ಬಿಡಬೇಕಾಗಲಿಲ್ಲ.

ನೆಟ್ಟನೆಯ ಪರದೆಯಲ್ಲಿ ಅಂತಹ ಗೋಡೆ ದೊರೆಯದು. ಬೇಕಾದುದೆಲ್ಲ ಹಿಡಿಸದೆಂದು ಕಂಡಾಗ ಆಟೊಫ್ಲಿಪ್ ಕೂಡ ಕತ್ತರಿಸುವ ಹಟವನ್ನು ಬಿಟ್ಟು ಮೇಲೆ ಕೆಳಗೆ ಪಟ್ಟಿಗಳನ್ನು ಕೂಡಿಸಿ ಅಗಲ ಚಿತ್ರವನ್ನು ಇದ್ದಂತೆಯೇ ಇಡುತ್ತದೆ. ನಮ್ಮ ಸುದ್ದಿವಾಹಿನಿಗಳು ಮೊಬೈಲ್ ವಿಡಿಯೊದ ಎರಡೂ ಬದಿಗೆ ಅದೇ ದೃಶ್ಯದ ಮಸುಕು ಛಾಯೆಯನ್ನು ಹಚ್ಚುವುದು ಇದರದೇ ತಿರುಗುಮುರುಗು ರೂಪ. ಪಟ್ಟಿಗಳನ್ನು ವ್ಯರ್ಥವಾಗಿ ಬಿಡಬೇಕಾಗಿಲ್ಲ. 1080ಕ್ಕೆ 1920ರ ಪರದೆಯಲ್ಲಿ 1080ಕ್ಕೆ 608ರ ಮೂರು ಅಡ್ಡ ಚಿತ್ರಗಳು ಒಂದರ ಕೆಳಗೊಂದು ಸಲೀಸಾಗಿ ಕೂಡುತ್ತವೆ. ಕಣದ ಬದಿಯಲ್ಲಿ ನಿಂತು 4ಕೆಯಲ್ಲಿ ತೆಗೆದ ಒಂದೇ ದೃಶ್ಯದಿಂದ, ಮೇಲೆ ಪೂರ್ತಿ ಜೋಡಿಯನ್ನೂ, ನಡುವೆ ಎತ್ತುಗಳ ಮೂತಿಯನ್ನೂ, ಕೆಳಗೆ ಕಲ್ಲು ನೆಲದ ಮೇಲೆ ಜಾರುವ ಸ್ಥಳವನ್ನೂ, ಎಲ್ಲಿಯೂ ಹಿಗ್ಗಿಸದೆಯೇ ಬೇರೆ ಬೇರೆಯಾಗಿ ಕತ್ತರಿಸಿಕೊಳ್ಳಬಹುದು. ಮಿಕ್ಕ 96 ಸಾಲುಗಳಲ್ಲಿ ಎತ್ತಿನವರ ಊರು, ಕಲ್ಲಿನ ತೂಕ, ಎಳೆದ ಅಡಿಗಳ ಲೆಕ್ಕ ಬರೆಯಲು ಜಾಗವಿದೆ.